ಆನ್‌ಲೈನ್ ಹರಾಜಿನಲ್ಲಿ ತರಗತಿಯ ಸಾಮಗ್ರಿ ಕೊಳ್ಳುವ ಬಗೆ: ಅಮೆರಿಕದಲ್ಲಿ ಕಲಿಸುವ ಕನ್ನಡಿಗರಿಗೆ ಒಂದು ಮಾರ್ಗದರ್ಶಿ

ಅಮೆರಿಕದ ಶಾಲೆಗಳಲ್ಲಿ ಶಿಕ್ಷಕರು ತರಗತಿಗೆ ಬೇಕಾದ ಪುಸ್ತಕ, ಗಣಿತದ ಮಣಿಗಳು, ಗೋಡೆಯ ಪಟಗಳು ಮುಂತಾದವುಗಳಿಗೆ ಸ್ವಂತ ಕೈಯಿಂದ ಹಣ ಹಾಕುವುದು ಸಾಮಾನ್ಯವಾಗಿದೆ. ಶನಿವಾರ, ಭಾನುವಾರಗಳಲ್ಲಿ ನಡೆಯುವ ಕನ್ನಡ ಶಾಲೆಗಳಲ್ಲಿ ಸ್ವಯಂಸೇವಕರಾಗಿ ಕಲಿಸುವವರಿಗಂತೂ ಶಾಲೆಯ ಉಗ್ರಾಣವೇ ಇರುವುದಿಲ್ಲ. ಈ ಖರ್ಚನ್ನು ತಗ್ಗಿಸಲು ಆನ್‌ಲೈನ್ ಹರಾಜು ಒಳ್ಳೆಯ ದಾರಿ, ಆದರೆ ಒಂದು ಷರತ್ತಿನ ಮೇಲೆ: ಹರಾಜು ಶುರುವಾಗುವ ಮೊದಲೇ ಏನು ಬೇಕು, ಅದಕ್ಕೆ ಸಾಗಣೆ, ತೆರಿಗೆ ಎಲ್ಲ ಸೇರಿ ಎಷ್ಟರವರೆಗೆ ಕೊಡಬಹುದು ಎಂಬುದನ್ನು ಕಾಗದದ ಮೇಲೆ ಬರೆದಿಟ್ಟವರಿಗೆ ಮಾತ್ರ ಅದರಲ್ಲಿ ಉಳಿತಾಯವಿದೆ. ಹಾಗೆ ಮಾಡದವರು ಅಂಗಡಿಯ ಬೆಲೆಗಿಂತ ಹೆಚ್ಚು ಕೊಟ್ಟು, ಬಳಸಿದ ವಸ್ತುಗಳನ್ನು ಮನೆಗೆ ತರುವುದೇ ಹೆಚ್ಚು.

ಭಾರತದಲ್ಲಿ ಆನ್‌ಲೈನ್ ಹರಾಜು ನಡೆಸುವ ಇಬೇ ಸಂಸ್ಥೆಯ ತಾಣ 2018ರಲ್ಲಿ ಮುಚ್ಚಿದ್ದರಿಂದ ಕರ್ನಾಟಕದ ಶಿಕ್ಷಕರಿಗೆ ಈ ಲೇಖನದ ಬಹುಪಾಲು ನೇರವಾಗಿ ಅನ್ವಯಿಸುವುದಿಲ್ಲ. ಇಲ್ಲಿ ಹೇಳಿರುವ ನಿಯಮಗಳೆಲ್ಲ ಅಮೆರಿಕಕ್ಕೆ ಸಂಬಂಧಿಸಿದವು.

ಮೊದಲು ಪಟ್ಟಿ, ಆಮೇಲೆ ಹುಡುಕಾಟ

ತಾಣವನ್ನು ತೆರೆಯುವ ಮೊದಲು ಒಂದು ವರ್ಷಕ್ಕೆ ಬೇಕಾದ ಸಾಮಗ್ರಿಗಳ ಪಟ್ಟಿ ಮಾಡಿ, ಅದನ್ನು ಎರಡು ಭಾಗ ಮಾಡಿಕೊಳ್ಳಬೇಕು. ಬಳಸಿದಂತೆ ಮುಗಿದುಹೋಗುವ ಕ್ರೇಯಾನ್, ಪೆನ್ಸಿಲ್, ಅಂಟು, ನೋಟ್‌ಬುಕ್, ಮಾರ್ಕರ್ ಇವು ಒಂದು ಭಾಗ. ವರ್ಷಗಟ್ಟಲೆ ಬಾಳುವ ಕಥೆಪುಸ್ತಕಗಳು, ಗಣಿತದ ಮರದ ಅಥವಾ ಪ್ಲಾಸ್ಟಿಕ್ ತುಂಡುಗಳು, ಗಡಿಯಾರದ ಮಾದರಿಗಳು, ಕ್ಯಾಲ್ಕ್ಯುಲೇಟರ್‌ಗಳು, ಪುಸ್ತಕದ ತೊಟ್ಟಿಗಳು ಇನ್ನೊಂದು ಭಾಗ. ಮೊದಲ ಭಾಗದ ವಸ್ತುಗಳನ್ನು ಹರಾಜಿನಲ್ಲಿ ಕೊಳ್ಳಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಜುಲೈ, ಆಗಸ್ಟ್ ತಿಂಗಳ ಶಾಲಾರಂಭದ ಮಾರಾಟದಲ್ಲಿ ದೊಡ್ಡ ಅಂಗಡಿಗಳು ಗ್ರಾಹಕರನ್ನು ಸೆಳೆಯಲು ಕ್ರೇಯಾನ್, ನೋಟ್‌ಬುಕ್‌ಗಳನ್ನು ಅಸಲಿಗಿಂತ ಕಡಿಮೆ ಬೆಲೆಗೂ ಮಾರುತ್ತವೆ. ಅದರ ಮುಂದೆ ಸಾಗಣೆ ವೆಚ್ಚ ಹೊತ್ತು ಬರುವ ಹರಾಜಿನ ಸರಕು ನಿಲ್ಲುವುದಿಲ್ಲ. ಮೇಲಾಗಿ ಯಾರದೋ ಗ್ಯಾರೇಜಿನಲ್ಲಿ ಎರಡು ಬೇಸಿಗೆ ಕಳೆದ ಅಂಟು ಗಟ್ಟಿಯಾಗಿರುತ್ತದೆ, ಮಾರ್ಕರ್ ಒಣಗಿರುತ್ತದೆ. ಹರಾಜಿನ ಲಾಭವಿರುವುದು ಎರಡನೆಯ ಭಾಗದಲ್ಲಿ, ಅದರಲ್ಲೂ ಹೊಸದಾಗಿ ಕೊಂಡರೆ ದುಬಾರಿಯಾಗುವ, ಬಳಸಿದರೂ ಸವೆಯದ ವಸ್ತುಗಳಲ್ಲಿ.

ಪಟ್ಟಿಯ ಪ್ರತಿ ವಸ್ತುವಿನ ಮುಂದೆ ಹೊಸದರ ಬೆಲೆಯನ್ನು ಬರೆಯಿರಿ. ನಂತರ ಇಬೇಯಲ್ಲಿ ಅದೇ ವಸ್ತುವನ್ನು ಹುಡುಕಿ, ಮಾರಾಟವಾದವುಗಳನ್ನು ಮಾತ್ರ ತೋರಿಸುವ ಆಯ್ಕೆಯನ್ನು ಒತ್ತಿ. ಕಳೆದ 90 ದಿನಗಳಷ್ಟು ಕಾಲದಲ್ಲಿ ಜನ ನಿಜವಾಗಿ ಕೊಟ್ಟ ಬೆಲೆಗಳು ಅಲ್ಲಿ ಕಾಣುತ್ತವೆ. ಮಾರಾಟಗಾರರು ಕೇಳುತ್ತಿರುವ ಬೆಲೆಯನ್ನು ನೋಡಿ ಅಂದಾಜು ಕಟ್ಟಬೇಡಿ. ಯಾರೂ ಕೊಳ್ಳದ ವಸ್ತುವಿಗೂ ಕೇಳುವ ಬೆಲೆ ಎಷ್ಟು ಬೇಕಾದರೂ ಇರಬಹುದು. ಹಾಗೆ ಸಿಕ್ಕ ಐದಾರು ಬೆಲೆಗಳ ನಡುವಿನ ಅಂಕಿಯನ್ನು ಪಟ್ಟಿಯಲ್ಲಿ ಹೊಸದರ ಬೆಲೆಯ ಪಕ್ಕದಲ್ಲಿ ಬರೆದುಕೊಂಡರೆ, ಯಾವುದಕ್ಕೆ ಹರಾಜಿಗೆ ಹೋಗಬೇಕು, ಯಾವುದನ್ನು ಸುಮ್ಮನೆ ಅಂಗಡಿಯಲ್ಲಿ ಕೊಳ್ಳಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಕಾಲದ ವಿಷಯವನ್ನೂ ಗಮನಿಸಬೇಕು. ಶಾಲಾವರ್ಷ ಮುಗಿಯುವ ಮೇ, ಜೂನ್ ತಿಂಗಳಲ್ಲಿ ನಿವೃತ್ತರಾಗುವ ಮತ್ತು ತರಗತಿ ಬದಲಾಯಿಸುವ ಶಿಕ್ಷಕರು ವರ್ಷಗಳಿಂದ ಕೂಡಿಟ್ಟ ಸಾಮಗ್ರಿಗಳನ್ನು ಒಟ್ಟಾಗಿ ಮಾರಾಟಕ್ಕೆ ಇಡುತ್ತಾರೆ. ಆಗಸ್ಟ್ ಬಂದರೆ ಎಲ್ಲ ಶಿಕ್ಷಕರೂ ಒಂದೇ ಸಲ ಹುಡುಕಲು ತೊಡಗುವುದರಿಂದ ಪೈಪೋಟಿ ಹೆಚ್ಚುತ್ತದೆ. ಆದ್ದರಿಂದ ಮುಂದಿನ ವರ್ಷದ ಖರೀದಿಯನ್ನು ಈ ವರ್ಷದ ಕೊನೆಯ ಗಂಟೆ ಹೊಡೆಯುವ ಹೊತ್ತಿಗೇ ಆರಂಭಿಸುವುದು ಜಾಣತನ.

ಎಲ್ಲಿ ಹುಡುಕಬೇಕು

1995ರಲ್ಲಿ ಪಿಯರ್ ಒಮಿಡ್ಯಾರ್ ಆರಂಭಿಸಿದ ಇಬೇಯಲ್ಲಿ ಸಿಗುವಷ್ಟು ವೈವಿಧ್ಯ ಬೇರೆಡೆ ಸಿಗುವುದಿಲ್ಲ, ಕೊಳ್ಳುವವರಿಗೆ ರಕ್ಷಣೆಯೂ ಅಲ್ಲಿ ಹೆಚ್ಚು. ಗುಡ್‌ವಿಲ್ ಸಂಸ್ಥೆಗಳ ಹರಾಜು ತಾಣವಾದ ಶಾಪ್‌ಗುಡ್‌ವಿಲ್‌ನಲ್ಲಿ ದಾನವಾಗಿ ಬಂದ ವಸ್ತುಗಳಿರುತ್ತವೆ. ಬೆಲೆ ಕಡಿಮೆ ಕಂಡರೂ ಸಾಗಣೆಯ ಜೊತೆಗೆ ನಿರ್ವಹಣಾ ಶುಲ್ಕವೂ ಸೇರುತ್ತದೆ, ವಸ್ತುಗಳನ್ನು ಇದ್ದ ಸ್ಥಿತಿಯಲ್ಲೇ ಮಾರಲಾಗುತ್ತದೆ, ಹರಾಜು ಮುಗಿಯುವ ವೇಳೆಯನ್ನು ಪಶ್ಚಿಮ ತೀರದ ಗಡಿಯಾರದಂತೆ ಹೇಳಿರುತ್ತಾರೆ. ಮೇಜು, ಕುರ್ಚಿ, ಪುಸ್ತಕದ ಕಪಾಟು, ಬಿಳಿ ಹಲಗೆ ಬೇಕಾದವರು ಗವ್‌ಡೀಲ್ಸ್ ಮತ್ತು ಪಬ್ಲಿಕ್ ಸರ್‌ಪ್ಲಸ್ ತಾಣಗಳನ್ನು ನೋಡಬೇಕು. ಶಾಲಾ ಜಿಲ್ಲೆಗಳು, ನಗರಸಭೆಗಳು ತಮಗೆ ಬೇಡವಾದ ಪೀಠೋಪಕರಣಗಳನ್ನು ಅಲ್ಲಿ ಹರಾಜಿಗೆ ಹಾಕುತ್ತವೆ. ಆದರೆ ಅಲ್ಲಿ ಗೆದ್ದ ಬೆಲೆಯ ಮೇಲೆ ಶೇಕಡಾವಾರು ಖರೀದಿದಾರ ಶುಲ್ಕ ಬೀಳಬಹುದು, ಸರಕನ್ನು ಸಾಮಾನ್ಯವಾಗಿ ನಾವೇ ವಾಹನ ಮತ್ತು ಆಳು ತಂದು ನಿಗದಿತ ದಿನಗಳೊಳಗೆ ಎತ್ತಿಕೊಂಡು ಹೋಗಬೇಕು. ಇಪ್ಪತ್ತು ಕುರ್ಚಿಗಳು ಒಂದೇ ಲಾಟಿನಲ್ಲಿ, ಅಂದರೆ ಒಟ್ಟಿಗೇ ಮಾರುವ ಒಂದು ಗುಂಪಿನಲ್ಲಿ, ಇದ್ದರೆ ಆರು ಮಾತ್ರ ಸಾಕು ಎನ್ನಲು ಬರುವುದಿಲ್ಲ. ಹತ್ತಿರದ ಇನ್ನಿಬ್ಬರು ಶಿಕ್ಷಕರೊಡನೆ ಮೊದಲೇ ಮಾತಾಡಿಕೊಂಡು ಕೊಳ್ಳುವುದಾದರೆ ಮಾತ್ರ ಇಂಥ ಲಾಟುಗಳಿಗೆ ಕೈ ಹಾಕಬೇಕು.

ಹುಡುಕುವಾಗ ಒಂದೇ ವಸ್ತುವಿಗೆ ಇರುವ ಹಲವು ಹೆಸರುಗಳನ್ನು ಪ್ರಯತ್ನಿಸಿ. ಸ್ಥಾನಬೆಲೆ ಕಲಿಸುವ ತುಂಡುಗಳನ್ನು ‘ಬೇಸ್ ಟೆನ್’ ಎಂದು ಅಕ್ಷರದಲ್ಲಿ ಬರೆದವರೂ ಇರುತ್ತಾರೆ, ಕೊನೆಯ ಪದದ ಬದಲು 10 ಎಂಬ ಅಂಕಿ ಹಾಕಿದವರೂ ಇರುತ್ತಾರೆ. ಗಣಿತ ಕಲಿಸುವ ಬಣ್ಣದ ಕಡ್ಡಿಗಳಿಗಿರುವ ಕ್ಯುಸನೇರ್ ಎಂಬಂಥ ಕಷ್ಟದ ಹೆಸರನ್ನು ಮಾರಾಟಗಾರರು ತಪ್ಪಾಗಿ ಬರೆದಿದ್ದರೆ ಆ ವಸ್ತು ಹೆಚ್ಚಿನವರ ಕಣ್ಣಿಗೆ ಬೀಳದೆ ಕಡಿಮೆ ಬೆಲೆಗೆ ಮುಗಿಯುತ್ತದೆ. ತಪ್ಪು ಕಾಗುಣಿತದಲ್ಲಿಯೂ ಹುಡುಕುವುದು ಇದೇ ಕಾರಣಕ್ಕೆ. ಹುಡುಕುವ ಪದದ ಜೊತೆಗೆ ‘ಲಾಟ್’ ಅಥವಾ ‘ರಿಟೈರ್ಡ್ ಟೀಚರ್’ ಎಂದು ಸೇರಿಸಿದರೆ ಒಟ್ಟು ಮಾರಾಟಗಳು ಮೇಲೆ ಬರುತ್ತವೆ. ಬೇಡದ ಪದದ ಆರಂಭಕ್ಕೆ ಕಳೆಯುವ ಚಿಹ್ನೆ ಹಾಕಿದರೆ ಆ ಪದವಿರುವ ಫಲಿತಾಂಶಗಳು ದೂರವಾಗುತ್ತವೆ. ಹುಡುಕಾಟವನ್ನು ಉಳಿಸಿಟ್ಟರೆ ಹೊಸ ಸರಕು ಬಂದಾಗ ತಾಣವೇ ತಿಳಿಸುತ್ತದೆ, ದಿನವೂ ಅಲ್ಲಿ ಕೂರಬೇಕಾಗಿಲ್ಲ.

ಚಿತ್ರವನ್ನು ಓದುವುದು

ಹರಾಜಿನಲ್ಲಿ ಅತಿ ಹೆಚ್ಚು ಗಮನ ಬೇಡುವ ಹಂತ ಇದು. ವಿವರಣೆಯಲ್ಲಿ ‘ದೊಡ್ಡ ಲಾಟ್’ ಎಂದಿರುತ್ತದೆ. ನಿಜವಾಗಿ ಏನಿದೆ ಎಂಬುದನ್ನು ಚಿತ್ರವನ್ನು ಹಿಗ್ಗಿಸಿ, ಎಣಿಸಿ ತಿಳಿಯಬೇಕು. ಸ್ಥಾನಬೆಲೆ ಕಲಿಸುವ ಬೇಸ್ ಟೆನ್ ತುಂಡುಗಳನ್ನೇ ತೆಗೆದುಕೊಳ್ಳಿ. ಅದರಲ್ಲಿ ಬಿಡಿಯ ಸಣ್ಣ ಘನ, ಹತ್ತರ ಕಡ್ಡಿ, ನೂರರ ಚಪ್ಪಟೆ ಹಲಗೆ, ಸಾವಿರದ ದೊಡ್ಡ ಘನ ಎಂದು ನಾಲ್ಕು ಬಗೆ. ಮೂರಂಕಿಯ ಸಂಖ್ಯೆಗಳನ್ನು ದಶಕ ಬಿಡಿಸಿ ಕಳೆಯುವ ಲೆಕ್ಕಕ್ಕೆ ಒಂದು ಗುಂಪಿನ ಮಕ್ಕಳ ಮುಂದೆ 9 ನೂರುಗಳು, 18 ಹತ್ತುಗಳು, 18 ಬಿಡಿಗಳು ಇದ್ದರೆ ಯಾವ ಲೆಕ್ಕವೂ ಅರ್ಧಕ್ಕೆ ನಿಲ್ಲುವುದಿಲ್ಲ. ಐದು ಗುಂಪುಗಳಿಗೆ 45 ಹಲಗೆ, 90 ಕಡ್ಡಿ, 90 ಬಿಡಿ ಬೇಕು. ತರಗತಿಯಲ್ಲಿ ಮೊದಲು ಕಳೆದುಹೋಗುವುದು ಸಣ್ಣ ಬಿಡಿಗಳು. ಆದ್ದರಿಂದ ಹಳೆಯ ಲಾಟುಗಳಲ್ಲಿ ಹಲಗೆಗಳು ತುಂಬಿದ್ದು ಬಿಡಿಗಳು ಕೈಬೆರಳೆಣಿಕೆಯಷ್ಟಿರುತ್ತವೆ. ಇದು ದೋಷವಾದರೂ ಕೊಳ್ಳುವವರಿಗೆ ಅನುಕೂಲವೇ, ಏಕೆಂದರೆ ಬಿಡಿಗಳನ್ನು ಪ್ರತ್ಯೇಕವಾಗಿ ಹೊಸದು ಕೊಂಡರೆ ಅಗ್ಗ, ದುಬಾರಿಯಾಗುವುದು ಹಲಗೆಗಳೇ. ಒಂದು ಎಚ್ಚರಿಕೆ ಮಾತ್ರ: ಬೇರೆ ಬೇರೆ ತಯಾರಕರ ತುಂಡುಗಳು ಬೆರೆತಿದ್ದರೆ ಅಳತೆ ಸರಿಹೊಂದದೆ ಹತ್ತು ಬಿಡಿಗಳು ಒಂದು ಕಡ್ಡಿಗೆ ಸಮನಾಗಿ ಕಾಣದೇ ಹೋಗಬಹುದು, ಆಗ ಪಾಠವೇ ಕೆಡುತ್ತದೆ. ಒಂದು ಕಡ್ಡಿಯ ಪಕ್ಕ ಹತ್ತು ಬಿಡಿಗಳನ್ನಿಟ್ಟು ಚಿತ್ರ ಕಳುಹಿಸುವಂತೆ ಮಾರಾಟಗಾರರನ್ನು ಕೇಳಿ. ಪ್ರಾಮಾಣಿಕರಾದವರು ಕಳುಹಿಸುತ್ತಾರೆ.

ಪುಸ್ತಕದ ಲಾಟುಗಳಲ್ಲಿ ಬೆನ್ನುಪಟ್ಟಿಗಳ ಚಿತ್ರ ಇರಲೇಬೇಕು. ಒಂದೇ ಶೀರ್ಷಿಕೆ ಎಷ್ಟು ಸಲ ಬಂದಿದೆ ನೋಡಿ. ಗುಂಪು ಓದಿಗೆ ಒಂದೇ ಪುಸ್ತಕದ ಆರು ಪ್ರತಿ ವರವಾದರೆ, ತರಗತಿಯ ಗ್ರಂಥಾಲಯ ಕಟ್ಟುವವರಿಗೆ ಅದು ಹೊರೆ. ‘ಎಕ್ಸ್ ಲೈಬ್ರರಿ’ ಎಂದಿದ್ದರೆ ಗ್ರಂಥಾಲಯದ ಮೊಹರು, ಅಂಟಿಸಿದ ಚೀಟಿ ಇರುತ್ತವೆ, ಆದರೆ ಮಕ್ಕಳ ಕೈಯಲ್ಲಿ ಬಾಳಿಕೆ ಬರುವಂತೆ ಹೊದಿಕೆಯನ್ನೂ ಹಾಕಿರುತ್ತಾರೆ. ಅಂಥವನ್ನು ತರಗತಿಗಾಗಿ ಧೈರ್ಯವಾಗಿ ಕೊಳ್ಳಬಹುದು. ಬರೆದು ತುಂಬಿಸುವ ಅಭ್ಯಾಸ ಪುಸ್ತಕಗಳಲ್ಲಿ ಎಷ್ಟು ಪುಟ ಬರೆದಾಗಿದೆ ಎಂದು ಕೇಳಬೇಕು. ಆನ್‌ಲೈನ್ ಸಂಕೇತ ಸಂಖ್ಯೆ ಇರುವ ಪುಸ್ತಕವಾದರೆ ಆ ಸಂಖ್ಯೆ ಈಗಾಗಲೇ ಬಳಕೆಯಾಗಿದೆ ಎಂದೇ ತಿಳಿದು ಬೆಲೆ ಕಟ್ಟಬೇಕು. ಪಾಠದ ಹಾಳೆಗಳನ್ನು ಸಿಡಿಯಲ್ಲಿ ಅಥವಾ ಕಡತವಾಗಿ ನಕಲು ಮಾಡಿ ಮಾರುವವರಿಂದ ಕೊಳ್ಳಬೇಡಿ. ಅವುಗಳಲ್ಲಿ ಹೆಚ್ಚಿನವು ಇನ್ನೊಬ್ಬ ಶಿಕ್ಷಕರ ದುಡಿಮೆಯ ಕಳವು.

ಭೂಪಟ ಮತ್ತು ಗೋಳಗಳ ಹಳಮೆಯನ್ನು ಗಡಿಗಳೇ ಹೇಳುತ್ತವೆ. ಸೋವಿಯತ್ ಒಕ್ಕೂಟ ಕಂಡರೆ 1991ಕ್ಕಿಂತ ಹಿಂದಿನದು, ದಕ್ಷಿಣ ಸುಡಾನ್ ಇಲ್ಲದಿದ್ದರೆ 2011ಕ್ಕಿಂತ ಹಿಂದಿನದು. ಕನ್ನಡ ಶಾಲೆಗೆ ಭಾರತದ ಪಟ ಕೊಳ್ಳುವವರು 2014ರಲ್ಲಿ ರಚನೆಯಾದ ತೆಲಂಗಾಣವನ್ನೂ, ಕರ್ನಾಟಕದ ಪಟವಾದರೆ 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಯನ್ನೂ ಹುಡುಕಿ ನೋಡಬೇಕು. ಕನ್ನಡ ವರ್ಣಮಾಲೆಯ ಪಟ, ಕಾಗುಣಿತದ ಪುಸ್ತಕಗಳನ್ನು ಮಾತ್ರ ಹರಾಜಿನಲ್ಲಿ ಹುಡುಕಿ ಫಲವಿಲ್ಲ. ಅವುಗಳನ್ನು ಊರಿನಿಂದ ಬರುವವರ ಕೈಯಲ್ಲಿ ತರಿಸುವುದೇ ಮೇಲು.

ಕ್ಯಾಲ್ಕ್ಯುಲೇಟರ್ ಮತ್ತು ಲ್ಯಾಪ್‌ಟಾಪ್‌ಗಳ ವಿಷಯದಲ್ಲಿ ಇನ್ನೂ ಕಟ್ಟೆಚ್ಚರ ಬೇಕು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು ಶಾಲೆಗಳಿಗೆಂದೇ ಎದ್ದು ಕಾಣುವ ಹಳದಿ ಬಣ್ಣದ ಗ್ರಾಫಿಂಗ್ ಕ್ಯಾಲ್ಕ್ಯುಲೇಟರ್‌ಗಳನ್ನು ಮಾರುತ್ತದೆ, ಶಾಲೆಯ ಸ್ವತ್ತು ದೂರದಿಂದಲೇ ಗುರುತಾಗಲಿ ಎಂಬ ಉದ್ದೇಶದಿಂದ. ಹಳದಿ ಬಣ್ಣದ್ದೋ ಶಾಲೆಯ ಹೆಸರು ಕೆತ್ತಿದ್ದೋ ಒಂದೊಂದಾಗಿ ಮಾರಾಟಕ್ಕೆ ಬಂದರೆ, ಶಾಲೆಯೇ ಅದನ್ನು ವಿಲೇವಾರಿ ಮಾಡಿದ್ದಕ್ಕೆ ದಾಖಲೆ ಕೇಳಿ, ಸಿಗದಿದ್ದರೆ ಬಿಟ್ಟುಬಿಡಿ. ಪರದೆ ಹೊತ್ತಿಸಿದ ಚಿತ್ರವಿಲ್ಲದ ಕ್ಯಾಲ್ಕ್ಯುಲೇಟರನ್ನು ಕೆಟ್ಟದ್ದೆಂದೇ ಎಣಿಸಬೇಕು. ಶಾಲೆಗಳಿಂದ ಬಂದ ಕ್ರೋಮ್‌ಬುಕ್‌ಗಳಲ್ಲಿ ಹಳೆಯ ಶಾಲೆಯ ನಿಯಂತ್ರಣ ತೆಗೆದಿರದಿದ್ದರೆ, ಅಳಿಸಿ ಹೊಸದಾಗಿ ಆರಂಭಿಸಿದರೂ ಅದು ಮತ್ತೆ ಆ ಶಾಲೆಯ ಲಾಗಿನ್ ಅನ್ನೇ ಕೇಳುತ್ತದೆ. ನಿಯಂತ್ರಣ ತೆಗೆದಿದೆಯೇ, ಆ ಮಾದರಿಗೆ ಗೂಗಲ್ ಯಾವ ತಿಂಗಳವರೆಗೆ ಅಪ್‌ಡೇಟ್ ಕೊಡುತ್ತದೆ ಎಂಬ ಎರಡೂ ಪ್ರಶ್ನೆಗಳಿಗೆ ಉತ್ತರ ಸಿಗುವ ತನಕ ಬಿಡ್ ಹಾಕಬಾರದು, ಅಂದರೆ ಬೆಲೆ ಕೂಗಬಾರದು.

ಚಿಕ್ಕ ಮಕ್ಕಳಿಗೆ ಕೊಳ್ಳುವವರು ಬಣ್ಣ ಬಳಿದ ಹಳೆಯ ಮರದ ಆಟಿಕೆಗಳನ್ನು ದೂರವಿಡಬೇಕು. ಅಮೆರಿಕದಲ್ಲಿ ಸೀಸದ ಬಣ್ಣವನ್ನು 1978ರಲ್ಲಿ ನಿಷೇಧಿಸಲಾಯಿತು, 2008ರ ಕಾಯ್ದೆಯು ಮಕ್ಕಳ ವಸ್ತುಗಳ ಮಿತಿಯನ್ನು ಮತ್ತಷ್ಟು ಬಿಗಿಗೊಳಿಸಿತು. ಅದಕ್ಕೂ ಹಿಂದಿನ ಆಟಿಕೆ ಎಷ್ಟು ಚೆಂದವಿದ್ದರೂ ಅದು ಸಂಗ್ರಹಕಾರರ ವಸ್ತುವೇ ಹೊರತು ತರಗತಿಯದಲ್ಲ. ತಯಾರಕರು ಹಿಂದಕ್ಕೆ ಕರೆಸಿಕೊಂಡ ಉತ್ಪನ್ನಗಳ ಪಟ್ಟಿ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ತಾಣದಲ್ಲಿದೆ. ಬಲವಾದ ಸಣ್ಣ ಅಯಸ್ಕಾಂತಗಳಿರುವ ಆಟಿಕೆ ಕೊಳ್ಳುವ ಮುನ್ನ ಅದನ್ನು ನೋಡದೇ ಇರಬಾರದು.

ಬಿಡ್ ಲೆಕ್ಕ

ಇಬೇಯಲ್ಲಿ ನೀವು ಕೊಡುವ ಗರಿಷ್ಠ ಮೊತ್ತ ಬೇರೆಯವರಿಗೆ ಕಾಣುವುದಿಲ್ಲ. ಎದುರಾಳಿಗಿಂತ ಒಂದು ಮೆಟ್ಟಿಲು ಮೇಲಿರುವಷ್ಟನ್ನು ಮಾತ್ರ ತಾಣವು ನಿಮ್ಮ ಪರವಾಗಿ ಕೂಗುತ್ತದೆ. ನಿಮ್ಮ ಗರಿಷ್ಠ ಮೊತ್ತ 32 ಡಾಲರ್, ಇನ್ನೊಬ್ಬರದು 21 ಡಾಲರ್ ಆಗಿದ್ದರೆ, ಆ ಹಂತದಲ್ಲಿ ಒಂದು ಮೆಟ್ಟಿಲು 50 ಸೆಂಟ್ ಆದ್ದರಿಂದ, ವಸ್ತು ನಿಮಗೆ 21.50 ಡಾಲರಿಗೆ ಸಿಗುತ್ತದೆ. ಇಬ್ಬರ ಮೊತ್ತವೂ ಒಂದೇ ಆದರೆ ಮೊದಲು ಹಾಕಿದವರಿಗೆ ಜಯ. ಹೀಗಿರುವಾಗ ಮೂರು ಡಾಲರ್, ನಾಲ್ಕು ಡಾಲರ್ ಎಂದು ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋಗುವುದರಿಂದ ಎದುರಾಳಿಯ ಹುರುಪು ಹೆಚ್ಚುತ್ತದೆಯೇ ಹೊರತು ಬೇರೆ ಪ್ರಯೋಜನವಿಲ್ಲ. ನಿಮ್ಮ ನಿಜವಾದ ಗರಿಷ್ಠ ಮೊತ್ತವನ್ನು ಒಂದೇ ಸಲ, ಹರಾಜಿನ ಕೊನೆಯ ಹೊತ್ತಿನಲ್ಲಿ ಹಾಕಿ, ತಾಣದಿಂದ ಹೊರಬನ್ನಿ. ಸೋತರೆ ಸೋತದ್ದೇ, ಅಂಥದೇ ಲಾಟು ಕೆಲವು ವಾರಗಳಲ್ಲಿ ಮತ್ತೆ ಬರುತ್ತದೆ. ಇಬೇಯಲ್ಲಿ ಹರಾಜು ಹೇಳಿದ ಕ್ಷಣಕ್ಕೆ ಮುಗಿಯುತ್ತದೆ, ಗವ್‌ಡೀಲ್ಸ್‌ನಲ್ಲಿ ಕೊನೆಯ ನಿಮಿಷಗಳಲ್ಲಿ ಬಿಡ್ ಬಿದ್ದರೆ ವೇಳೆ ವಿಸ್ತರಿಸುತ್ತದೆ. ಅಲ್ಲಿ ಕೊನೆಯ ಕ್ಷಣಕ್ಕೆ ಕಾಯುವ ತಂತ್ರ ನಡೆಯುವುದಿಲ್ಲ.

ಗರಿಷ್ಠ ಮೊತ್ತವನ್ನು ಹಿಂದಿನಿಂದ ಲೆಕ್ಕ ಹಾಕಬೇಕು. 40 ಕಥೆಪುಸ್ತಕಗಳ ಲಾಟು, ಪುಸ್ತಕಕ್ಕೆ ಒಂದು ಡಾಲರಿನಂತೆ ಒಟ್ಟು 40 ಡಾಲರ್ ಕೊಡಲು ನೀವು ಸಿದ್ಧ, ಸಾಗಣೆ 14 ಡಾಲರ್, ಸಾಗಣೆಯ ಮೇಲೂ ಸೇರಿ ಮಾರಾಟ ತೆರಿಗೆ ಶೇಕಡಾ 8 ಎಂದುಕೊಳ್ಳೋಣ. 40ನ್ನು 1.08ರಿಂದ ಭಾಗಿಸಿದರೆ 37.04, ಅದರಲ್ಲಿ ಸಾಗಣೆಯ 14 ಕಳೆದರೆ 23.04. ನಿಮ್ಮ ಬಿಡ್ ಅದಕ್ಕಿಂತ ಮೇಲೆ ಹೋಗಬಾರದು. ಚಿತ್ರವನ್ನು ಎಣಿಸಿದಾಗ 12 ಪುಸ್ತಕಗಳು ನಿಮ್ಮ ತರಗತಿಗೆ ಕೆಲಸಕ್ಕೆ ಬಾರದವು ಎಂದು ತಿಳಿದರೆ ಉಳಿದ 28ಕ್ಕೆ ಇದೇ ಲೆಕ್ಕ ಮಾಡಿ, ಬಿಡ್ 11.93ಕ್ಕೆ ಇಳಿಯುತ್ತದೆ. ಹನ್ನೆರಡು ಪುಸ್ತಕ ಕಡಿಮೆಯಾದರೆ ಬಿಡ್ ಅರ್ಧಕ್ಕೆ ಬೀಳುವುದಕ್ಕೆ ಕಾರಣ ಸಾಗಣೆ ವೆಚ್ಚ ಕದಲದೆ ನಿಂತಿರುವುದು. ಸಾಗಣೆಯೇ ಹರಾಜಿನ ನಿಜವಾದ ಬೆಲೆ ಎಂದು ಹೇಳುವುದು ಇದೇ ಕಾರಣಕ್ಕೆ. ಪುಸ್ತಕಗಳನ್ನು ಅಂಚೆ ಇಲಾಖೆಯ ಮೀಡಿಯಾ ಮೇಲ್ ದರದಲ್ಲಿ ಕಳುಹಿಸಬಹುದು, ನಿಧಾನವಾದರೂ ಅಗ್ಗ. ಆಟಿಕೆ, ಗಣಿತದ ತುಂಡುಗಳಿಗೆ ಆ ದರ ಸಲ್ಲದು. ಒಬ್ಬರಿಂದಲೇ ಎರಡು ಲಾಟು ಗೆದ್ದರೆ ಹಣ ಕಟ್ಟುವ ಮೊದಲು ಸಾಗಣೆಯನ್ನು ಒಟ್ಟುಗೂಡಿಸಿ ಬಿಲ್ ಕಳುಹಿಸುವಂತೆ ಕೇಳಿಕೊಳ್ಳಿ.

ಬಿಡ್ ಹಾಕಿದರೆ ಅದು ಕೊಳ್ಳುವ ಒಪ್ಪಂದ. ಮೊತ್ತ ಬರೆಯುವಾಗ ಅಂಕಿ ತಪ್ಪಿದ್ದು, ವಿವರಣೆ ಬದಲಾದದ್ದು ಇಂಥ ಕೆಲವೇ ಕಾರಣಗಳಿಗೆ ಅದನ್ನು ಹಿಂತೆಗೆಯಬಹುದು. ಹಣವನ್ನು ತಾಣದ ಮೂಲಕವೇ ಪಾವತಿಸಿ. ಹೊರಗೆ ಕೊಟ್ಟರೆ ಕಡಿಮೆ ಮಾಡುತ್ತೇನೆ ಎನ್ನುವ ಮಾರಾಟಗಾರರ ಮಾತು ಒಪ್ಪಿದರೆ ಎಲ್ಲ ರಕ್ಷಣೆಯೂ ಕೈತಪ್ಪುತ್ತದೆ.

ಪೆಟ್ಟಿಗೆ ಬಂದ ಮೇಲೆ

ಪೆಟ್ಟಿಗೆಯನ್ನು ಶಾಲೆಗೆ ಒಯ್ಯದೆ ಮನೆಯಲ್ಲೇ ಅದೇ ದಿನ ತೆರೆದು, ಚಿತ್ರದೊಡನೆ ಹೋಲಿಸಿ ಎಣಿಸಿ. ವಿವರಣೆಗೆ ಹೊಂದದಿದ್ದರೆ ಇಬೇಯ ಹಣ ವಾಪಸಾತಿ ಖಾತರಿಯಡಿ, ವಸ್ತು ಕೈಸೇರಿದ 30 ದಿನಗಳೊಳಗೆ ದೂರು ದಾಖಲಿಸಬೇಕು. ಮಾರಾಟಗಾರರು ಮೂರು ಕೆಲಸದ ದಿನಗಳಲ್ಲಿ ಸರಿಪಡಿಸದಿದ್ದರೆ ಸಂಸ್ಥೆಯನ್ನೇ ಮಧ್ಯೆ ಬರುವಂತೆ ಕೇಳಬಹುದು. ಬೇಸಿಗೆಯಲ್ಲಿ ಕೊಂಡು ಶಾಲೆ ತೆರೆಯುವ ತನಕ ಪೆಟ್ಟಿಗೆ ಬಿಚ್ಚದೆ ಇಡುವವರಿಗೆ ಈ ಅವಧಿ ಸದ್ದಿಲ್ಲದೆ ಮುಗಿದುಹೋಗುತ್ತದೆ. ಪುಸ್ತಕಗಳ ಬೆನ್ನುಪಟ್ಟಿಯ ಒಳಬದಿಯಲ್ಲಿ ತಿಗಣೆಯ ಕಪ್ಪು ಚುಕ್ಕೆಗಳಿವೆಯೇ ನೋಡಿ, ಪ್ಲಾಸ್ಟಿಕ್ ತುಂಡುಗಳನ್ನು ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿ, ಬಟ್ಟೆಯ ಬೊಂಬೆಗಳನ್ನು ಒಗೆಯದೆ ಮಕ್ಕಳ ಕೈಗೆ ಕೊಡಬೇಡಿ.

ಹಣದ ದಾಖಲೆ

ಶಾಲೆ ಹಣ ಮರಳಿಸುತ್ತದೆ ಎಂಬ ನಂಬಿಕೆಯಿಂದ ಕೊಳ್ಳುವ ಮುನ್ನ ಕಚೇರಿಯಲ್ಲಿ ಲಿಖಿತ ಅನುಮತಿ ಪಡೆಯಿರಿ. ಹರಾಜಿನ ರಶೀದಿಯನ್ನು ಒಪ್ಪದ ಶಾಲಾ ಜಿಲ್ಲೆಗಳೂ ಇವೆ. ಶಾಲೆಯ ಹಣದಿಂದ ಕೊಂಡದ್ದು ಶಾಲೆಯ ಸ್ವತ್ತು, ನಿಮ್ಮ ಹಣದಿಂದ ಕೊಂಡದ್ದು ನಿಮ್ಮದು. ಮುಂದೆ ಶಾಲೆ ಬದಲಾಯಿಸುವಾಗ ವಾದಕ್ಕೆ ಎಡೆಯಿರದಂತೆ ಪೆಟ್ಟಿಗೆಗಳ ಮೇಲೆ ಅದನ್ನು ಬರೆದಿಡಬೇಕು.

ಸ್ವಂತ ಹಣದಿಂದ ಕೊಂಡ ಸಾಮಗ್ರಿಗಳಿಗೆ ಆದಾಯ ತೆರಿಗೆಯಲ್ಲಿ ಶಿಕ್ಷಕರ ವೆಚ್ಚದ ಕಡಿತ ಇದೆ. 2002ರಿಂದ 250 ಡಾಲರ್ ಇದ್ದ ಅದರ ಮಿತಿ 2022ರ ತೆರಿಗೆ ವರ್ಷದಲ್ಲಿ 300 ಡಾಲರ್ ಆಯಿತು. ಕಿಂಡರ್‌ಗಾರ್ಟನ್‌ನಿಂದ ಹನ್ನೆರಡನೆಯ ತರಗತಿಯವರೆಗಿನ ಶಾಲೆಯಲ್ಲಿ ವರ್ಷಕ್ಕೆ ಕನಿಷ್ಠ 900 ಗಂಟೆ ಕೆಲಸ ಮಾಡುವ ಶಿಕ್ಷಕರು, ಸಹಾಯಕರು, ಆಪ್ತಸಲಹೆಗಾರರು, ಪ್ರಾಂಶುಪಾಲರು ಇದಕ್ಕೆ ಅರ್ಹರು. ಸಾಗಣೆ ಮತ್ತು ತೆರಿಗೆಯೂ ಕಾಣುವಂತೆ ಪ್ರತಿ ಖರೀದಿಯ ರಶೀದಿಯನ್ನು ಮುದ್ರಿಸಿ, ಯಾವ ತರಗತಿಗೆ ಯಾವ ವಸ್ತು ಎಂದು ಅದರ ಮೇಲೆ ಬರೆದು ಇಟ್ಟುಕೊಳ್ಳಿ.

ವಾರಾಂತ್ಯದ ಕನ್ನಡ ಶಾಲೆಯಲ್ಲಿ ಮಾತ್ರ ಕಲಿಸುವವರಿಗೆ ಈ ಕಡಿತ ಸಿಗುವುದಿಲ್ಲ. ಆದರೆ ಆ ಶಾಲೆಯನ್ನು ನಡೆಸುವ ಸಂಘ ತೆರಿಗೆ ವಿನಾಯಿತಿ ಪಡೆದ ದತ್ತಿ ಸಂಸ್ಥೆಯಾಗಿದ್ದರೆ, ಸ್ವಯಂಸೇವೆಗಾಗಿ ಕೈಯಿಂದ ಖರ್ಚು ಮಾಡಿ ಮರಳಿ ಪಡೆಯದ ಹಣವನ್ನು, ಕಡಿತಗಳನ್ನು ಒಂದೊಂದಾಗಿ ತೋರಿಸುವವರು, ದಾನವೆಂದು ತೋರಿಸಲು ಅವಕಾಶವಿದೆ. ಮೊತ್ತ 250 ಡಾಲರ್ ಅಥವಾ ಅದಕ್ಕೂ ಮೇಲಾದರೆ ಸಂಘದಿಂದ ಲಿಖಿತ ಪತ್ರ ಬೇಕು. ಅದನ್ನು ತೆರಿಗೆ ಸಲ್ಲಿಸುವ ಮೊದಲೇ ಕಾರ್ಯದರ್ಶಿಯವರಿಂದ ಪಡೆದು ರಶೀದಿಗಳ ಜೊತೆ ಇಡಬೇಕು.